ಕುಪ್ಪಗಡ್ಡೆಯ ಕುಲುಮೆಗೆ ಬಾರದ ಕಲ್ಲಿದ್ದಲು

ಮೊನ್ನೆ ಭಾನುವಾರ ರೊಟ್ಟಿ ಬೇಯಿಸಿ ಮುಗಿದ ಮೇಲೆ ಅವಸರಕ್ಕೆ ಬಿದ್ದು ಕಾದ ಕಬ್ಬಿಣದ ಹಂಚನ್ನು ಹಾಗೇ ನಲ್ಲಿಯ ಕೆಳಗೆ ಹಿಡಿದೆ. ಚುಂಯ್ ಎಂದು ಆವಿ ಎದ್ದು ಮುಖಕ್ಕೆ ಬಡಿಯಿತು. "ಹಂಚು ಸೊಟ್ಟ ಆಗ್ತತಿ, ನಿನಗ ಎಷ್ಟು ಸಲ ಹೇಳಬೇಕು" ಎಂದು ಅವ್ವ ಒಳಗಿನಿಂದಲೇ ಗದರಿದಳು. ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಕಾದ ಕಬ್ಬಿಣಕ್ಕೆ ತಣ್ಣೀರು ತಾಗಿದಾಗ ಒಂದು ವಾಸನೆ ಬರುತ್ತದೆ, ನಾಲಿಗೆಯ ಮೇಲೆ ಹಳೇ ನಾಣ್ಯ ಇಟ್ಟುಕೊಂಡ ಹಾಗೆ. ಅದು ನನ್ನನ್ನು ಸೀದಾ ಸೊರಬ ತಾಲೂಕಿನ ಕುಪ್ಪಗಡ್ಡೆಗೆ ಕರೆದುಕೊಂಡು ಹೋಯಿತು. ಅಲ್ಲಿ ಮೌನಾಚಾರ್ ಎಂಬ ಕಮ್ಮಾರರ ಕುಲುಮೆ ಇತ್ತು. ಆ ಕುಲುಮೆ ಉಳಿಯುತ್ತದೋ ಆರಿಹೋಗುತ್ತದೋ ಎಂದು ಒಂದು ಸುಗ್ಗಿಯಿಡೀ ಅವರು ಕಾದಿದ್ದರು, ಅವರ ಜೊತೆ ನಾನೂ ಕಾದಿದ್ದೆ.

ಆಗ ನನಗೆ ಕೆಲಸ ಹೊಸದು. ನಮ್ಮೂರು ಶಿಕಾರಿಪುರ, ಕೆಲಸ ಸಿಕ್ಕಿದ್ದು ಸೊರಬದಲ್ಲಿ, ವಿದ್ಯುತ್ ಕಂಪನಿಯ ಕಚೇರಿಯಲ್ಲಿ. ಕೊರೊನಾದ ಎರಡನೆಯ ಅಲೆ ಇಳಿದು, ಜನ ಮಾಸ್ಕನ್ನು ಗದ್ದಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ವರ್ಷ ಅದು. ಬೆಳಿಗ್ಗೆ ಶಿಕಾರಿಪುರದಲ್ಲಿ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದಕ್ಕೆ ಕಾದು, ಸೊರಬ ಮುಟ್ಟುತ್ತಿದ್ದೆ. ಊರು ಬಿಡುವಾಗ ಎರಡೂ ಕಡೆ ಮೆಕ್ಕೆಜೋಳ. ಬಳ್ಳಿಗಾವಿಯ ತಿರುವು ಕಳೆದ ಮೇಲೆ ಭತ್ತ ಹೆಚ್ಚುತ್ತ ಹೋಗುತ್ತದೆ, ಮಾತೂ ಸ್ವಲ್ಪ ಸ್ವಲ್ಪವೇ ತಿರುಗುತ್ತದೆ. ನಮ್ಮ ಕಡೆಯ 'ಐತಿ' ಅಲ್ಲಿಗೆ ಹೋಗುವಷ್ಟರಲ್ಲಿ 'ಅದೆ' ಆಗಿರುತ್ತದೆ. ನಾನು ಬಾಯಿ ತೆರೆದರೆ ಸಾಕು, "ಬಯಲುಸೀಮೆ ಮೇಡಂ ಬಂದ್ರು" ಎಂದು ಕಚೇರಿಯವರು ನಗುತ್ತಿದ್ದರು. ಅಷ್ಟು ದೂರವೇನೂ ಇಲ್ಲ, ಆದರೂ ನಾನು ಅವರಿಗೆ ಬಯಲುಸೀಮೆಯವಳೇ.

ನನ್ನ ಮೇಜು ಬಿಲ್ಲಿನ ತಕರಾರುಗಳದ್ದು. ಕಿಟಕಿಯ ಪಕ್ಕ ಕೂತು ಬೈಗುಳ ತಿನ್ನುವುದೇ ಕೆಲಸ. ಆ ವರ್ಷ ಹೆಚ್ಚಿನ ಬೈಗುಳ ಬಿಲ್ಲಿನ ಒಂದೇ ಒಂದು ಸಾಲಿನ ಮೇಲೆ ಬೀಳುತ್ತಿತ್ತು. 'ಇಂಧನ ಹೊಂದಾಣಿಕೆ' ಎಂದು ಆ ಸಾಲಿನ ಹೆಸರು. ಕಲ್ಲಿದ್ದಲು ತುಟ್ಟಿಯಾದರೆ ಕರೆಂಟು ತಯಾರಿಸುವ ಖರ್ಚು ಏರುತ್ತದೆ, ಏರಿದ ಖರ್ಚನ್ನು ಕರೆಂಟಿನ ದರ ಗೊತ್ತುಮಾಡುವ ಆಯೋಗದ ಒಪ್ಪಿಗೆ ಪಡೆದು ಬಳಸುವವರ ಮೇಲೆ ಹಾಕುತ್ತಾರೆ, ಇಷ್ಟೇ ಅದರ ಅರ್ಥ. ಇಷ್ಟೂ ನನಗೆ ಆಗ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ "ಮೇಲಿಂದ ಬಂದದ್ದು" ಅನ್ನಬೇಕು ಎಂದು ನಮ್ಮ ಹಿರಿಯ ಗುಮಾಸ್ತರಾದ ಹಾಲೇಶಪ್ಪನವರು ಮೊದಲ ದಿನವೇ ಪಾಠ ಹೇಳಿಕೊಟ್ಟಿದ್ದರು. ನಿವೃತ್ತಿಗೆ ಹತ್ತಿರ ಬಂದಿದ್ದ ಅವರು ಎಲ್ಲ ಪ್ರಶ್ನೆಗೂ ಅದೊಂದೇ ಉತ್ತರ ಕೊಟ್ಟು ದಿನ ದೂಡುತ್ತಿದ್ದರು. ನಾನೂ ಗಿಣಿಯ ಹಾಗೆ ಅದನ್ನೇ ಹೇಳುತ್ತಿದ್ದೆ.

ದಸರಾ ಕಳೆದ ವಾರ ಒಂದು ಬೆಳಿಗ್ಗೆ ಅರವತ್ತರ ಆಸುಪಾಸಿನ ಒಬ್ಬರು ಬಂದು ನನ್ನ ಮೇಜಿನ ಮುಂದೆ ನಿಂತರು. ಮೋಟು ಮೈ, ತುಂಬುತೋಳಿನ ಅಂಗಿ, ಮುಂಗೈಯ ಮೇಲೆಲ್ಲ ಕಿಡಿ ಹಾರಿದ ಸಣ್ಣ ಸಣ್ಣ ಕಲೆ. ಕಂಕುಳಲ್ಲಿ ಮಡಚಿದ ಎರಡು ಗೋಣಿಚೀಲ.

"ನಮಸ್ಕಾರ ಮೇಡಂ. ಕಲ್ಲಿದ್ದಲು ಎಲ್ಲಿ ಕೊಡ್ತಿರಿ?"

"ಯಾವ ಕಲ್ಲಿದ್ದಲ್ರೀ?"

ಅವರು ಜೇಬಿನಿಂದ ಬಿಲ್ಲುಗಳ ಕಟ್ಟು ತೆಗೆದು ಮೇಜಿನ ಮೇಲೆ ಹರಡಿ, ಕಪ್ಪು ಅಂಚಿನ ಉಗುರನ್ನು ಆ ಸಾಲಿನ ಮೇಲೆ ಊರಿದರು. "ಇದು. ಮೀಟ್ರು ಓದಕ್ಕೆ ಬಂದೋರ್ನ ಕೇಳಿದ್ದಕ್ಕೆ, ಇದು ಕಲ್ಲಿದ್ದಲಿನ ಬಾಬ್ತು ಆಚಾರ್ರೆ ಅಂದ್ರು. ತಿಂಗ್ಳು ತಿಂಗ್ಳು ಕಟ್ಟಿದೀನಿ, ಒಂದೂ ಬಾಕಿ ಇಲ್ಲ. ಹೊಂದಾಣಿಕೆ ಯಾವಾಗ ಮಾಡ್ತಿರಿ ಅಂತ ನೋಡ್ತಾ ಇದ್ದೆ, ನೀವು ಹೇಳಿ ಕಳಿಸ್ಲೇ ಇಲ್ಲ. ಎರಡು ಚೀಲ ತಂದಿದೀನಿ. ಮಿಕ್ಕಿದ್ದಕ್ಕೆ ನಾಳೆ ಬತ್ತೀನಿ."

ಪಕ್ಕದ ಮೇಜಿನವರು ಮೊದಲು ನಕ್ಕರು. ಆಮೇಲೆ ಇಡೀ ಕಚೇರಿ ನಕ್ಕಿತು. ನಾನೂ ನಕ್ಕೆ, ಅದನ್ನು ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ. ಏಕೆಂದರೆ ಅವರು ತಿಳಿದುಕೊಂಡದ್ದು ಹುಚ್ಚುತನವೇನೂ ಆಗಿರಲಿಲ್ಲ. ಅವರ ಊರಿನ ಸೊಸೈಟಿಯಲ್ಲಿ ಗೊಬ್ಬರಕ್ಕೆ ಮುಂಗಡ ಕಟ್ಟಿದರೆ, ಗೊಬ್ಬರದ ಲಾರಿ ಬಂದಾಗ ಚೀಲ ಕೊಟ್ಟು ಮುಂಗಡವನ್ನು ಮುರಿದುಕೊಳ್ಳುತ್ತಾರೆ. ಅದಕ್ಕೆ ಅಲ್ಲಿ ಹೊಂದಾಣಿಕೆ ಎಂದೇ ಹೆಸರು. ಮೇಲಾಗಿ ಸರ್ಕಾರ ಸಣ್ಣ ಕಸುಬಿನವರಿಗೆ ಕಲ್ಲಿದ್ದಲು ಕೊಡುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಹಿಂದೊಮ್ಮೆ ಅವರು ಅರ್ಜಿಯನ್ನೂ ಹಾಕಿದ್ದರು. ಅರ್ಜಿ ಹಾಕಿದ ಮೇಲೆ ಬಿಲ್ಲಿನಲ್ಲಿ ಇಂಧನ ಎಂಬ ಸಾಲು ಬಂದರೆ, ಕಮ್ಮಾರನಾದವನು ಇನ್ನೇನು ತಿಳಿಯಬೇಕು?

ನಗು ಅಡಗಿದ ಮೇಲೆ ನನಗೆ ಬಂದ ಹಾಗೆ ಬಿಡಿಸಿ ಹೇಳಿದೆ. ಅದು ಅವರ ಕಲ್ಲಿದ್ದಲಲ್ಲ, ಎಲ್ಲೋ ಕರೆಂಟು ತಯಾರಿಸಲು ಸುಟ್ಟ ಕಲ್ಲಿದ್ದಲು ಎಂದೆ. ಅವಮಾನವಾಗಿ ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಹೆಸರು ಮೌನಾಚಾರ್, ಆದರೆ ಆ ಹೆಸರಿಗೂ ಅವರ ಬಾಯಿಗೂ ಯಾವ ಸಂಬಂಧವೂ ಇರಲಿಲ್ಲ.

"ಹಂಗಾರೆ ನನ್ನ ಬಾಬ್ತಿನ ಕಲ್ಲಿದ್ದಲು ಸುಟ್ಟಿದ್ದು ಯಾರು? ಎಲ್ಲಿ ಸುಟ್ರು? ಅದೂ ಅಲ್ದೆ, ನಮ್ಮ ಕರೆಂಟು ಶರಾವತಿ ನೀರಿಂದು ಅಲ್ವೇನ್ರಿ? ಜೋಗ ಇಲ್ಲೇ ಪಕ್ಕದಲ್ಲಿ ಅದೆ. ನೀರು ಬಿದ್ದು ಆಗೋ ಕರೆಂಟಿಗೆ ಕಲ್ಲಿದ್ದಲು ಎಂತಕ್ಕೆ?"

ಮೇಲಿಂದ ಬಂದದ್ದು ಎನ್ನಲು ಹೊರಟಿದ್ದೆ. ನಿಜವಾಗಿ ಎಂತಕ್ಕೆ ಎಂದು ನನಗೂ ತಿಳಿಯಬೇಕು ಅನ್ನಿಸಿಬಿಟ್ಟಿತು. ಉತ್ತರದ ಬದಲು ನಾನೇ ಕೇಳಿದೆ, "ನಿಮಗ ಈಗ ಅಷ್ಟು ಅರ್ಜೆಂಟಾಗಿ ಕಲ್ಲಿದ್ದಲು ಯಾಕ್ ಬೇಕ್ರಿ?"

ಆಗ ಅವರು ತಮ್ಮ ಸಂಕಟ ಹೇಳಿಕೊಂಡರು. ಕಾಡಿನ ಇದ್ದಲು ಸಿಗದೆ ವರ್ಷಗಳಾಗಿವೆ, ಅರಣ್ಯ ಇಲಾಖೆ ಬಿಡುವುದಿಲ್ಲ. ಶಿವಮೊಗ್ಗದ ಒಬ್ಬ ವ್ಯಾಪಾರಿಯಿಂದ ಕಲ್ಲಿದ್ದಲು ಚೀಲ ಲೆಕ್ಕದಲ್ಲಿ ತರುತ್ತಿದ್ದರು. ಆ ವರ್ಷ ದೇಶದಲ್ಲೇ ಕಲ್ಲಿದ್ದಲಿಗೆ ತತ್ವಾರ. ಇರುವುದೆಲ್ಲ ಮೊದಲು ಕರೆಂಟು ತಯಾರಿಸುವ ಸ್ಥಾವರಗಳಿಗೆ, ಉಳಿದರೆ ಮಿಕ್ಕವರಿಗೆ ಎಂದು ಆಗಿತ್ತು. ವ್ಯಾಪಾರಿ ಕೈ ಅಲ್ಲಾಡಿಸಿದ್ದ. ಕುಲುಮೆಯ ಮೂಲೆಯಲ್ಲಿ ಒಂದು ಬುಟ್ಟಿಯಷ್ಟು ಉಳಿದಿತ್ತು. ಸುಗ್ಗಿಗೆ ತಿಂಗಳೊಪ್ಪತ್ತು ಬಾಕಿ.

"ನಮ್ಮದು ಆಯದ ಲೆಕ್ಕ ಮೇಡಂ. ವರ್ಷಿಡೀ ಮನೆಯೋರ ಕುಡುಗೋಲು, ಗುದ್ದಲಿ, ಹಾರೆ ಎಲ್ಲಾ ಕಾಸಿ ಬಡಿದು ಹಣಿಸಿ ಕೊಡ್ತೀವಿ, ಕಾಸು ಕೇಳಲ್ಲ. ಸುಗ್ಗಿ ಕಣದಲ್ಲಿ ಅವರು ಭತ್ತ ಅಳೀತಾರೆ. ಕಬ್ಬಿಣ ರೈತ ತರಬೇಕು, ಬೆಂಕಿ ಆಚಾರಿ ಹಾಕಬೇಕು, ಇದು ನಮ್ಮಪ್ಪನ ಕಾಲದ ಕಟ್ಟು. ನಲವತ್ತು ಮನೆ ಅದಾವೆ. ಒಂದು ಸುಗ್ಗಿ ನಾನು ಕೈ ಕೊಟ್ರೆ ಅವರು ಅಂಗಡಿ ಕುಡುಗೋಲು ತರ್ತಾರೆ. ಅದು ಒಂದ್ಸಲ ಮನೆ ಹೊಕ್ತು ಅಂದ್ರೆ ಆ ಮನೆ ಮತ್ತೆ ಕುಲುಮೆ ಕಡೆ ತಿರುಗಲ್ಲ. ಆಮೇಲೆ ನಾನೂ ಕಾಳಮ್ಮನೂ ಎಂತ ಮಾಡದು?" ಕಾಳಮ್ಮ ಅವರ ಹೆಂಡತಿ.

ಅವರು ಹೋದ ಮೇಲೆ ನಾನು ಹಾಲೇಶಪ್ಪನವರ ಬೆನ್ನು ಬಿದ್ದೆ. ಮೇಲಿಂದ ಬಂದದ್ದು ಅಂದರೆ ಎಲ್ಲಿಂದ, ಎಷ್ಟು ಮೇಲಿಂದ? ಅವರು ಚಹಾ ಮುಗಿಸಿ, ಕನ್ನಡಕ ಒರೆಸಿ, ಅಪರೂಪಕ್ಕೆ ಸರಿಯಾದ ಉತ್ತರ ಕೊಟ್ಟರು. "ನೋಡಮ್ಮ ಶೈಲಾ, ನಾಕು ಹಳ್ಳದ ನೀರು ಒಂದು ಕಾಲುವೆಗೆ ಬಿಟ್ಟಂಗೆ ಇದು. ಗದ್ದೆಗೆ ತಿರುಗಿಸಿಕೊಂಡ ಮೇಲೆ ಇದು ಯಾವ ಹಳ್ಳದ್ದು ಅಂತ ಹೇಳಕ್ಕಾಗ್ತದಾ? ಶರಾವತಿದೂ ಅದರಾಗೆ ಅದೆ, ಕಲ್ಲಿದ್ದಲಿಂದೂ ಅದೆ. ಅದಕ್ಕೆ ಎಲ್ಲರೂ ಎಲ್ಲದಕ್ಕೂ ಕೊಡಬೇಕು." ಬೀರುವಿನ ಮೇಲಿನಿಂದ ಧೂಳು ಕೊಡವಿ ಆಯೋಗದ ಆದೇಶದ ಒಂದು ದಪ್ಪ ಪ್ರತಿ ತೆಗೆದುಕೊಟ್ಟರು. "ಓದು. ಇದನ್ನ ಓದಿದೋರು ಈ ಕಚೇರೀಲಿ ಯಾರೂ ಇಲ್ಲ, ನೀನೇ ಮೊದಲು."

ಆ ವಾರವಿಡೀ ಬಸ್ಸಿನಲ್ಲಿ ನಾನು ಕಲ್ಲಿದ್ದಲು ಓದಿದೆ. ಹೊರಗೆ ಗದ್ದೆಗಳು ಹಸಿರಿನಿಂದ ಹಳದಿಗೆ ತಿರುಗುತ್ತಿದ್ದವು, ಬೆಳಗಿನ ಮಂಜಿನಲ್ಲಿ ತೆನೆ ಬಾಗಿ ನಿಂತಿರುತ್ತಿದ್ದವು. ನನ್ನ ತೊಡೆಯ ಮೇಲೆ ಗಣಿಯ ಬಾಯಿಯ ದರ, ಗಣಿ ಇರುವ ರಾಜ್ಯಕ್ಕೆ ಸಲ್ಲುವ ರಾಯಧನ, ಅದರ ಮೇಲೊಂದು ಸೆಸ್ಸು, ಆಮೇಲೆ ರೈಲು ಬಾಡಿಗೆ. ಕಲ್ಲಿದ್ದಲನ್ನು ತೊಳೆಯುತ್ತಾರೆ, ಅದಕ್ಕೂ ಒಂದು ಖರ್ಚು ಎಂದು ಓದಿ ಒಬ್ಬಳೇ ನಕ್ಕಿದ್ದಕ್ಕೆ ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು. ಸುಟ್ಟು ಕರೆಂಟಾದ ಮೇಲೂ ದಾರಿ ಮುಗಿಯುವುದಿಲ್ಲ. ತಂತಿಯಲ್ಲಿ ಬರುವಾಗ ಒಂದಷ್ಟು ಸೋರಿಹೋಗುತ್ತದೆ, ಸೋರಿದ್ದಕ್ಕೂ ನಾವೇ ಕೊಡಬೇಕು. ಕಾಲೇಜಿನಲ್ಲಿ ಪರೀಕ್ಷೆಗೂ ನಾನು ಇಷ್ಟು ಆಸೆಯಿಂದ ಓದಿದವಳಲ್ಲ. ಒಂದು ಕಡೆ ಸಣ್ಣ ಬಳಕೆದಾರರ ಮಾತೂ ಸಿಕ್ಕಿತು. ಕುಲುಮೆಯಂಥವರಿಗೆ ರಾಜ್ಯ ಸರ್ಕಾರ ಗೊತ್ತುಮಾಡಿದ ಸಂಸ್ಥೆಯ ಮೂಲಕ ಕಲ್ಲಿದ್ದಲು ಹಂಚಬೇಕು ಎಂದು ಕೇಂದ್ರದ ನೀತಿಯಲ್ಲೇ ಇದೆಯಂತೆ. ಅಲ್ಲಿ ಇಲ್ಲಿ ಹತ್ತು ಫೋನು ಮಾಡಿದ ಮೇಲೆ ಆ ಸಂಸ್ಥೆಯ ಒಬ್ಬ ಪುಣ್ಯಾತ್ಮರು ಸಮಾಧಾನವಾಗಿ ಹೇಳಿದರು: ಕೊಡುತ್ತೇವೆ, ಆದರೆ ಕೊಂಡರೆ ಒಂದು ಲಾರಿ ಕೊಳ್ಳಬೇಕು, ಅದೂ ಈ ತತ್ವಾರ ಮುಗಿದ ಮೇಲೆ. ಎರಡು ಚೀಲ ಹೊತ್ತು ಬಂದವರಿಗೆ ಒಂದು ಲಾರಿ.

ಈ ಸುದ್ದಿಯನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ ಭಾನುವಾರ ಕುಪ್ಪಗಡ್ಡೆಗೇ ಹೋದೆ. ಊರಂಚಿನಲ್ಲಿ ಹಂಚಿನ ಮಾಡು, ಮೂರು ಕಡೆ ಗೋಡೆ, ನಡುವೆ ಕುಲುಮೆ. ಮೊದಲು ಚರ್ಮದ ತಿದಿ ಇದ್ದ ಜಾಗದಲ್ಲಿ ಈಗ ಗಾಳಿ ಊದುವ ಒಂದು ಸಣ್ಣ ಮೋಟಾರು. ಕಾಳಮ್ಮನವರಿಗೆ ತಿದಿ ಎಳೆದು ಎಳೆದು ಭುಜ ಬಿದ್ದುಹೋದ ಮೇಲೆ ಅದನ್ನು ತಂದರಂತೆ. ಬೆಂಕಿ ಇರಲಿಲ್ಲ. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಮೇಲೆ ಬೆಕ್ಕು ಮಲಗಿತ್ತು. ಕಮ್ಮಾರರ ಮನೆಯಲ್ಲಿ ಅಡಿಗಲ್ಲು ಬೆಕ್ಕಿಗೆ ಸಿಗುವಷ್ಟು ತಣ್ಣಗಿರುವುದನ್ನು ನೋಡಿ ನನಗೆ ಒಂಥರಾ ಆಯಿತು.

ಮೌನಾಚಾರ್ ಮೂಲೆಯ ಬುಟ್ಟಿಯಿಂದ ಒಂದು ತುಂಡು ತೆಗೆದು ನನ್ನ ಅಂಗೈಯಲ್ಲಿಟ್ಟರು. ಅಷ್ಟೆಲ್ಲ ಓದಿದ್ದೆ, ಕಲ್ಲಿದ್ದಲನ್ನು ಕಣ್ಣಾರೆ ಕಂಡಿದ್ದು ಅವತ್ತೇ. ಕಲ್ಲು ಅಂದುಕೊಂಡು ಭಾರಕ್ಕೆ ಕೈ ಬಿಗಿ ಮಾಡಿದ್ದೆ, ಹಗುರಾಗಿತ್ತು. ಒಡೆದ ಮೈ ಫಳಫಳ ಹೊಳೆಯುತ್ತಿತ್ತು. ನಾನು ಲಾರಿಯ ವಿಷಯ ಹೇಳಿದೆ. ಅವರು "ಆಗ್ಲಿ. ಬಿಲ್ಲಿನ ಕಲ್ಲಿದ್ದಲು ಬರೋ ದಾರಿ ಕಥೆ ಹೇಳ್ರಿ, ಕೇಳನ" ಎಂದು ಎದುರಿಗೆ ಕುಕ್ಕರಗಾಲಲ್ಲಿ ಕೂತರು. ನಾನು ಹೇಳುತ್ತ ಹೋದ ಹಾಗೆ ಅವರು ನೆಲದ ಮೇಲೆ ಒಂದೊಂದೇ ತುಂಡು ಇಡುತ್ತ ಹೋದರು. ಇದು ಗಣಿ, ಇದು ರಾಯಧನ, ಇದು ಸೆಸ್ಸು, ಇದು ರೈಲು, ಇದು ತಂತಿಯಲ್ಲಿ ಸೋರಿದ್ದು.

"ಯಾವುದು ಎಷ್ಟು ಪಾಲು ಅಂತ ನನಗೂ ಪೂರ್ತಿ ತಿಳೀಲಿಲ್ರಿ" ಎಂದೆ.

"ನಂಗೆ ತಿಳೀತದೆ ಬಿಡ್ರಿ. ಶಿವಮೊಗ್ಗದಿಂದ ತರಬೇಕಾರೆ ಬಸ್ಸಿನ ಟಾಪಿಗೆ ಒಂದು, ಹಮಾಲಿಗೆ ಒಂದು, ಸೊರಬದಿಂದ ಆಟೋಕ್ಕೆ ಒಂದು. ಮನೆ ಮುಟ್ಟಾ ಹೊತ್ತಿಗೆ ನಾವು ಕೊಡದು ದಾರಿಗೇಯ, ಇದ್ದಲಿಗಲ್ಲ."

ಕಂಬದ ಬಳಿ ನಿಂತು ಕೇಳುತ್ತಿದ್ದ ಕಾಳಮ್ಮನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು.

"ತಂಗಿ, ಒಂದು ಮಾತು ಕೇಳ್ತೀನಿ. ಅವರಿಗೆ ಕಲ್ಲಿದ್ದಲು ತುಟ್ಟಿ ಆದ್ರೆ ಅವರು ನಮ್ಮ ಮೇಲೆ ಹಾಕ್ತಾರೆ. ಹೌದಾ?"

"ಹೌದ್ರಿ ಅಕ್ಕಾ."

"ನಮಗೆ ತುಟ್ಟಿ ಆದ್ರೆ ನಾವು ಯಾರ ಮೇಲೆ ಹಾಕ್ತಾ ಇದೀವಿ? ಆಯದ ಭತ್ತ ಇವರಪ್ಪನ ಕಾಲದಲ್ಲಿ ಎಷ್ಟಿತ್ತೋ ಈಗ್ಲೂ ಅಷ್ಟೇಯ. ನಾವು ಯಾಕೆ ಹಾಕಬಾರದು?"

ಮೌನಾಚಾರ್ ಬೆಚ್ಚಿಬಿದ್ದರು. "ಹಂಗೆಲ್ಲ ಕೇಳಕ್ಕೆ ಆಗ್ತದೇನೆ? ಬೆಂಕಿ ಆಚಾರಿದು ಅಂತ ಕಟ್ಟು ಇಲ್ವ?"

"ಬೆಂಕಿ ನಿಮ್ದೇ ಇರ್ಲಿ. ಇದ್ದಲು ಅವರು ತರ್ಲಿ. ಎಲ್ಲರ ಮನೇಲೂ ಬಚ್ಚಲೊಲೆ ಉರೀತದೆ. ಕೆಂಡಕ್ಕೆ ಒಂದು ತಂಬಿಗೆ ನೀರು ಚುಮುಕಿಸಿದ್ರೆ ಇದ್ದಲು. ಬೂದಿ ಮಾಡಿ ತಿಪ್ಪೆಗೆ ಹಾಕೋ ಬದ್ಲು ಒಂದು ಬುಟ್ಟಿ ಕೂಡಿಡ್ಲಿ. ಹಾರೆಗೆ ಕಲ್ಲಿದ್ದಲೇ ಬೇಕು, ಒಪ್ತೀನಿ. ಕುಡುಗೋಲಿಗೆ ಒಲೆ ಇದ್ದಲು ಸಾಲದಾ?"

ಸಾಲುತ್ತದೆ ಎಂದು ಮೌನಾಚಾರ್ ಮುಖವೇ ಹೇಳುತ್ತಿತ್ತು. ಇಷ್ಟು ಸುಲಭದ ಉಪಾಯ ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ನನಗೆ ಮೊದಲು ಆಶ್ಚರ್ಯವಾಯಿತು. ಆಮೇಲೆ ತಿಳಿಯಿತು, ಉಪಾಯ ಇರಲಿಲ್ಲವೆಂದಲ್ಲ, ಕೇಳುವ ಬಾಯಿ ಇರಲಿಲ್ಲ. ಬೆಂಕಿಗೂ ಗತಿಯಿಲ್ಲದ ಆಚಾರಿ ಎಂದು ಒಂದು ಮನೆ ಆಡಿಕೊಂಡರೂ ಹಿಂದೆಯೇ ಇನ್ನೆರಡು ಮನೆ ಕಳಚಿಕೊಳ್ಳುತ್ತವೆ ಎಂಬ ಹೆದರಿಕೆ ಅವರಿಗೆ. ತುಂಬ ಹೊತ್ತಾದ ಮೇಲೆ ಅವರು ಹಳೇ ಹಲಗೆಯೊಂದನ್ನು ಹುಡುಕಿ ತಂದು, ಸುಣ್ಣದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು. "ನೀವೇ ಬರೀರಿ. ಬಿಲ್ಲಿನಾಗೆ ಹೆಂಗದೆಯೋ ಹಂಗೇ ಬರೀರಿ. ಅಂಥ ಮಾತಿಗೆ ಜನ ಎದುರು ಮಾತಾಡಲ್ಲ."

ನಾನು ನಮ್ಮ ಕಚೇರಿಯ ಗತ್ತಿನಲ್ಲೇ ಬರೆದೆ: 'ಇಂಧನ ಹೊಂದಾಣಿಕೆ. ಈ ಸುಗ್ಗಿಗೆ ಮಾತ್ರ, ಕುಡುಗೋಲು ತರುವವರು ಒಂದು ಬುಟ್ಟಿ ಇದ್ದಲನ್ನು ತರತಕ್ಕದ್ದು. ಆಯ ಎಂದಿನಂತೆ.' ಹಲಗೆಯನ್ನು ಕುಲುಮೆಯ ಕಂಬಕ್ಕೆ ತೂಗುಹಾಕಿದೆವು.

ಮುಂದಿನ ಭಾನುವಾರ ಮತ್ತೆ ಹೋದೆ. ಅವ್ವನಿಗೆ ಆಫೀಸಿನ ಕೆಲಸ ಎಂದು ಸುಳ್ಳು ಹೇಳಿದ್ದೆ. ಒಬ್ಬಿಬ್ಬರು ಬುಟ್ಟಿ ಹಿಡಿದು ಬಂದು, ಹಲಗೆ ಓದಿಸಿಕೊಂಡು, "ಕರೆಂಟಿನೋರ ಚಾಳಿ ನಿಂಗೂ ಬಂತೇನೋ ಆಚಾರಿ" ಎಂದು ನಗಾಡಿ ಇದ್ದಲು ಸುರಿದು ಹೋದರು. ಮೋಟಾರು ಗೊರ್ ಎಂದಿತು, ಬೆಕ್ಕು ಜಾಗ ಬಿಟ್ಟಿತು. ಕಾದ ಕುಡುಗೋಲನ್ನು ಬಾನಿಯ ನೀರಿಗೆ ಅದ್ದಿದಾಗ ಬಂದ ಆ ವಾಸನೆಯನ್ನು ಮೊದಲು ಕುಡಿದದ್ದು ನಾನು ಅವತ್ತೇ. ಅಷ್ಟರಲ್ಲಿ ರುದ್ರಗೌಡರು ಬಂದರು. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಗದ್ದೆ ಇವರದು, ಆಯದ ಭತ್ತವೂ ಎಲ್ಲರಿಗಿಂತ ಹೆಚ್ಚು ಬರುತ್ತಿದ್ದದ್ದು ಇವರ ಕಣದಿಂದಲೇ. ಅವರು ಕೈ ಹಿಂದೆ ಕಟ್ಟಿ ಹಲಗೆಯನ್ನು ಎರಡು ಸಲ ಓದಿದರು.

"ಇದ್ದಲು ಅಗ್ಗ ಆದ್ಮೇಲೆ ಬುಟ್ಟಿ ವಾಪಸು ಕೊಡ್ತಿಯೇನೋ?"

ಮೌನಾಚಾರ್ ನನ್ನ ಕಡೆ ತಿರುಗಿದರು. "ಕಂಪನಿಯೋರು ಕೊಡ್ತಾರೇನ್ರಿ ಮೇಡಂ?"

"ದರ ಇಳಿದ್ರ ಬಿಲ್ಲಿನಾಗ ಕಳೀಬೇಕು ಅಂತ ಐತ್ರಿ" ಎಂದೆ. ಹೌದು, ಆದೇಶದಲ್ಲಿ ಹಾಗೆ ಇತ್ತು. ಆದರೆ ಹಾಗೆ ಹಣ ಕಳೆದು ಕೊಟ್ಟ ಒಂದು ಬಿಲ್ಲನ್ನೂ ನನ್ನ ಮೇಜಿಗೆ ಯಾರೂ ತಂದಿರಲಿಲ್ಲ, ಹಾಗಾಗಿ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಗೌಡರು ನಕ್ಕರು. "ನಮ್ಮನೆ ಕಬ್ಬಿಣ ಇಷ್ಟು ವರ್ಷ ಬರೀ ಕೈಯಲ್ಲಿ ಬಂದದೆ. ಬೆಂಕಿ ಇಲ್ದೋನಿಗೆ ಆಯ ಎಂತಕ್ಕೆ?" ಎಂದವರು ತಂದಿದ್ದ ಕುಡುಗೋಲಿನ ಕಟ್ಟನ್ನು ಹಾಗೇ ತಿರುಗಿ ಒಯ್ದರು. ಮಾರನೆಯ ದಿನ ಸಾಗರಕ್ಕೆ ಹೋಗಿ ಅಂಗಡಿಯ ಹೊಸ ಕುಡುಗೋಲುಗಳನ್ನು ತಂದರು ಎಂದು ಆಮೇಲೆ ತಿಳಿಯಿತು. ಅವತ್ತು ಮೌನಾಚಾರ್ ತಮ್ಮ ಹೆಸರಿಗೆ ತಕ್ಕಂತೆ ಇದ್ದರು. ನಾನು ಹೊರಡುವಾಗ, "ನೀವು ಬರೆದದ್ದು ಸರೀನೇ ಅದೆ ಮೇಡಂ, ನಾನೇ ಬರೆಸಬಾರದಿತ್ತು" ಎಂದಷ್ಟೇ ಅಂದರು. ಬಸ್ಸಿನಲ್ಲಿ ನನಗೆ ಅಳು ಬಂತು. ಓದಿದ್ದನ್ನು ಓದಿದ ಹಾಗೇ ಇಟ್ಟುಕೊಳ್ಳದೆ ಒಬ್ಬರ ಅನ್ನಕ್ಕೆ ಕೈ ಹಾಕಿದೆನೇನೋ ಎಂದು ಹೆದರಿದ್ದೆ.

ಕೊಯ್ಲಿನ ಹೊತ್ತಿಗೆ ಸರಿಯಾಗಿ ಆ ವರ್ಷ ಕಾಲವಲ್ಲದ ಮಳೆ ಹಿಡಿಯಿತು. ಬಿಸಿಲು ಕಾಣದೆ ವಾರಗಟ್ಟಲೆ ಮೋಡ. ಭತ್ತ ಮಲಗಿತು. ಶಿಕಾರಿಪುರದ ಕಡೆಯಿಂದ ಕೊಯ್ಯುವ ಯಂತ್ರಗಳು ಬಂದು ಗದ್ದೆಗೆ ಇಳಿಯಲಾರದೆ ರಸ್ತೆಯ ಬದಿಯಲ್ಲೇ ನಿಂತಿದ್ದನ್ನು ದಿನವೂ ಬಸ್ಸಿನಿಂದ ನೋಡುತ್ತಿದ್ದೆ. ಮಲಗಿದ ತೆನೆಯನ್ನು ಕೆಸರಿನಿಂದ ಎತ್ತಿ ಕೊಯ್ಯಬೇಕು, ಅದಕ್ಕೆ ಕೈಯೇ ಬೇಕು, ಕೈಗೆ ಕುಡುಗೋಲೇ ಬೇಕು. ಕಚೇರಿಯಲ್ಲಿ ಮುರಿದ ಕಂಬಗಳ ದೂರಿನ ನಡುವೆ ನನಗೆ ಕುಪ್ಪಗಡ್ಡೆಗೆ ಹೋಗಲು ಆಗಲಿಲ್ಲ. ಮೀಟರು ಓದಿ ಬಂದವರನ್ನು ಕೇಳಿದರೆ, "ಆಚಾರ್ರ ಕುಲುಮೆ ಮುಂದೆ ಬುಟ್ಟಿ ಸಾಲು ನಿಂತದೆ" ಎಂದರು. ಯಾರ ಬುಟ್ಟಿ ಎಂದು ಅವರಿಗೆ ಗೊತ್ತಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಒಕ್ಕಣೆ ಮುಗಿಯುತ್ತ ಬಂದಿತ್ತು. ಆಯ ಎತ್ತುವ ದಿನ ನಾನೂ ಬರುತ್ತೇನೆ ಎಂದು ಮೊದಲೇ ಹೇಳಿದ್ದೆ, ಕಾಳಮ್ಮನವರು ಫೋನು ಮಾಡಿಸಿದ್ದರು. ಬಿಳಿ ಬಿಸಿಲು, ಹುಲ್ಲಿನ ಘಮ. ಮೌನಾಚಾರ್ ಭತ್ತ ಅಳೆಯುವ ಕೊಳಗ ಹಿಡಿದು ಕಣದಿಂದ ಕಣಕ್ಕೆ ನಡೆದರು, ಹಿಂದೆ ಕಾಳಮ್ಮನವರು, ಅವರ ಹಿಂದೆ ನಾನು. ಬಹಳ ಮನೆಯವರು ಎಂದಿನ ಹಾಗೆ ಅಳೆದರು. ಕೆಲವರು, ಮಳೆಯಲ್ಲಿ ನೀನಿಲ್ಲದಿದ್ದರೆ ಭತ್ತ ಮೊಳೆತು ಹೋಗುತ್ತಿತ್ತು ಎಂದು ಮೇಲೊಂದು ಬೊಗಸೆ ಹಾಕಿದರು. ನನಗೆ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದ ಹಾಗಾಯಿತು. ಆದರೆ ದೊಡ್ಡ ಕಣ ಇನ್ನೂ ಬಾಕಿ ಇತ್ತು.

ರುದ್ರಗೌಡರ ಕಣದಲ್ಲಿ ಟ್ರ್ಯಾಕ್ಟರಿನಿಂದ ತುಳಿಸಿದ ಭತ್ತ ರಾಶಿ ಬಿದ್ದಿತ್ತು, ಐದು ಮಂದಿ ಕೂಲಿ ಹೆಂಗಸರು ಮೊರ ಹಿಡಿದು ತೂರುತ್ತಿದ್ದರು. ಗೌಡರು ಮರದ ನೆರಳಿನಲ್ಲಿ ನಿಂತಿದ್ದರು. ಮೌನಾಚಾರ್ ಆ ಕಡೆ ನೋಡದೆ ಮುಂದಿನ ಕಣಕ್ಕೆ ಹೆಜ್ಜೆ ಹಾಕಿದರು.

"ಏನೋ ಆಚಾರಿ, ನಮ್ಮ ಕಣ ಕಣ್ಣಿಗೆ ಬೀಳ್ಲಿಲ್ವ?"

"ಬಿತ್ತು ಗೌಡ್ರೆ. ಈ ಸಲ ನಿಮ್ಮನೆ ಕಬ್ಬಿಣ ನನ್ನ ಬೆಂಕಿ ಕಂಡಿಲ್ಲ. ಕೇಳಕ್ಕೆ ಬಾಯಿಲ್ಲ, ಅದಕ್ಕೆ ಮುಂದೆ ಹೊರಟೆ."

ತೂರುತ್ತಿದ್ದವರಲ್ಲಿ ಒಬ್ಬಾಕೆ, ಗುತ್ಯಮ್ಮ ಎಂದು ಆಕೆಯ ಹೆಸರು, ಕೈ ನಿಲ್ಲಿಸದೆ ಹೇಳಿದಳು:

"ನಿಮ್ಮನೆ ಕಬ್ಬಿಣ ಕಂಡಿಲ್ಲ ಗೌಡ್ರೆ, ನಮ್ಮದು ಕಂಡದೆ. ಸಾಗರದ ಕುಡುಗೋಲು ಎರಡು ದಿನಕ್ಕೆ ಹಲ್ಲು ಕಿತ್ಕಂಡು ಅಟ್ಟ ಹತ್ತಿದಾವೆ. ಈ ರಾಶಿ ನಾವು ಕೊಯ್ದಿದ್ದು ನಮ್ಮನೆ ಕುಡುಗೋಲಲ್ಲಿ. ನಮ್ಮ ನಮ್ಮ ಒಲೆ ಇದ್ದಲು ಹೊತ್ಕಂಡು ಹೋಗಿ ಹಣಿಸ್ಕಂಡು ಬಂದಿದ್ದು."

ಮೌನಾಚಾರ್ ತಲೆ ತಗ್ಗಿಸಿ ನಿಂತಿದ್ದರು. ಅವರಿಗೆ ಇದು ಗೊತ್ತಿತ್ತು. ಆ ಹೆಂಗಸರು ಆಯದ ಮನೆಯವರಲ್ಲ, ಅವರಿಗೆ ಗದ್ದೆಯೇ ಇಲ್ಲ, ಅಳೆಯಲು ಕಣವೂ ಇಲ್ಲ. ಆದರೂ ಅವರು ಬುಟ್ಟಿ ತಂದಾಗ ಇವರು ಬೇಡ ಅಂದಿರಲಿಲ್ಲ. ಗೌಡರು ರಾಶಿಯನ್ನು ನೋಡಿದರು, ಮಳೆಯಲ್ಲೂ ಉಳಿದುಬಂದ ರಾಶಿ.

"ಅಳ್ಕೊ" ಎಂದರು ಕೊನೆಗೆ. "ಎಂದಿನಷ್ಟೇ ಅಳ್ಕೊ."

ಮೌನಾಚಾರ್ ಕಣ ಹೊಕ್ಕು, ರಾಶಿಗೆ ಕೈ ಮುಗಿದು, ಮೊದಲ ಕೊಳಗ ತುಂಬಿಕೊಂಡರು. ಕಾಳಮ್ಮನವರು ಚೀಲ ಬಿಡಿಸಿ ಹಿಡಿದರು. ಮೌನಾಚಾರ್ ಚೀಲಕ್ಕೆ ಸುರಿಯದೆ ಗುತ್ಯಮ್ಮನ ಕಡೆ ತಿರುಗಿದರು.

"ಇದೆಂತದೋ?" ಗೌಡರು ನೆರಳಿನಿಂದ ಹತ್ತಿರ ಬಂದು ಕೇಳಿದರು.

"ಕಬ್ಬಿಣ ಬಡಿದ ಪಾಲು ನಂದು ಗೌಡ್ರೆ, ಅದನ್ನ ಆಮೇಲೆ ಅಳ್ಕಂತೀನಿ. ಬೆಂಕಿ ಇವರು ಹೊತ್ತು ತಂದಿದ್ದು. ಇವರ ಪಾಲು ನಾನು ಮನೆಗೆ ಒಯ್ಯಕ್ಕಾಗಲ್ಲ. ಐದು ಜನಕ್ಕೆ ಐದು ಕೊಳಗ."

ಕಾಳಮ್ಮನವರ ಮುಖ ನೋಡಿದೆ. ತಮ್ಮ ಮನೆಯ ಭತ್ತ ಹೋಗುತ್ತಿದ್ದರೂ ಅವರು ಆಗಲಿ ಎಂಬಂತೆ ತಲೆಯಾಡಿಸಿದರು. ವರ್ಷವಿಡೀ ಆ ಸಾಲಿಗೆ ಉತ್ತರ ಹೇಳುತ್ತ ಕೂತವಳು ನಾನು, ಮೇಲಿಂದ ಕೆಳಗಿನವರ ಮೇಲೆ ಬಿದ್ದ ಖರ್ಚು ಅವರ ಕೈಗೆ ತಿರುಗಿ ಬರುವುದನ್ನು ಕಂಡದ್ದು ಆ ಕಣದಲ್ಲಿ ಮಾತ್ರ.

ಗುತ್ಯಮ್ಮನ ಎರಡೂ ಕೈ ಮೊಣಕೈವರೆಗೆ ಹೊಟ್ಟು, ಸೆರಗು ಬೆವರಿಗೆ ಒದ್ದೆ. ಆಕೆ ಅತ್ತ ಇತ್ತ ನೋಡಿ ತನ್ನ ಮೊರವನ್ನು ಹತ್ತಿರದಲ್ಲಿ ನಿಂತಿದ್ದವರ ಕಡೆ ನೀಡಿದಳು.

"ಸ್ವಲ್ಪ ಹಿಡೀರಿ ಗೌಡ್ರೆ. ನನ್ನ ಕೈ ಹೊಲಸಾಗ್ಯದೆ, ಕಾಳು ಚೆಲ್ತದೆ."

ರುದ್ರಗೌಡರು ಪಂಚೆಯನ್ನು ಮೇಲೆ ಕಟ್ಟಿ, ಎರಡೂ ಕೈ ಚಾಚಿ ಆ ಮೊರವನ್ನು ಹಿಡಿದರು. ಮೌನಾಚಾರ್ ಅದಕ್ಕೆ ಕೊಳಗ ಬಗ್ಗಿಸಿದರು.